ಐದನೇ ಕಾಲಂ: ‘ಯಾಕೆ ಕೇಳಬೇಕು?’

ನವೆಂಬರ್ ಮೊದಲ ವಾರದ ಒಂದು ರಾತ್ರಿ ನಮ್ಮನೆ ಹಾಲಿನಲ್ಲಿ ಐದು ಜನ ಕೂತಿದ್ದೆವು. ಪಕ್ಕದ ತೋಟದ ಅಣ್ಣ, ಅವರ ಮಗಳು, ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು, ನಾನು. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿಯಾಗಿತ್ತು, ಎರಡು ಸುತ್ತು ಕಾಫಿಯೂ ಆಗಿತ್ತು. ವಾಷಿಂಗ್ಟನ್ನಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾಗುವ ಉಪನ್ಯಾಸ, ನಮಗೆ ರಾತ್ರಿ ಹತ್ತಕ್ಕೆ. ಹತ್ತಾಯಿತು, ಹತ್ತೂಕಾಲಾಯಿತು. ಸಭೆ ಇನ್ನೂ ಆರಂಭವಾಗಿಲ್ಲ ಎನ್ನುವ ಒಂದೇ ಸಾಲು ಪರದೆ ಮೇಲೆ. ಹತ್ತೂವರೆಗೆ ಅಣ್ಣ ಎದ್ದರು. “ಟೀಚರೇ, ನಿಮ್ಮ ಅಮೆರಿಕದವರು ಮಲಗಿರಬೇಕು. ನಂಗೆ ಬೆಳಿಗ್ಗೆ ಕೆಲಸದವರನ್ನು ಕರಕೊಂಡು ಬರೋಕೆ ಜೀಪು ತೆಗೀಬೇಕು” ಅಂದು ಟಾರ್ಚು ಹಿಡಿದು ಹೊರಟರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರೇ ಎದ್ದರು. ಹನ್ನೊಂದಕ್ಕೆ ಸರಿಯಾಗಿ ಪರದೆ ಬೆಳಗಿದಾಗ ಹಾಲಿನಲ್ಲಿ ಇದ್ದದ್ದು ನಾನೊಬ್ಬಳೇ.

ಹಿಂದಿನ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು. ಇಷ್ಟು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವಳಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ.

ನಾನು ಮಾಡುತ್ತಿರುವ ಕೆಲಸ ದೊಡ್ಡದೇನಲ್ಲ. ಅಂತಾರಾಷ್ಟ್ರೀಯ ವ್ಯವಹಾರಗಳನ್ನೇ ಕಲಿಸುವ ಸ್ನಾತಕೋತ್ತರ ಶಾಲೆಗಳು ಜಗತ್ತಿನಲ್ಲಿ ಹಲವಿವೆ. ತಮ್ಮ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಯಾರು ಬೇಕಾದರೂ ಕೇಳಬಹುದಾದ ಉಪನ್ಯಾಸ, ಸಂವಾದ, ಪುಸ್ತಕ ಬಿಡುಗಡೆಗಳನ್ನು ಅವು ನಡೆಸುತ್ತವೆ. ಮುಂದೆ ಏನೇನಿದೆ ಎಂದು ಮೊದಲೇ ಪ್ರಕಟಿಸುತ್ತವೆ. ಅದರಲ್ಲಿ ನಮಗೆ ಬೇಕಾದ ಆರೇಳನ್ನು ಆರಿಸಿ, ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ, ಕೊಡಗಿನ ಅಮ್ಮತ್ತಿ ಕಡೆಯ ನಮ್ಮ ಪಂಚಾಯಿತಿಯ ಅರಿವು ಕೇಂದ್ರದ, ಅಂದರೆ ಗ್ರಂಥಾಲಯದ, ನೋಟಿಸ್ ಬೋರ್ಡಿಗೆ ತಿಂಗಳಿಗೊಮ್ಮೆ ಅಂಟಿಸುತ್ತೇನೆ. 2020ರಲ್ಲಿ ಕೊರೊನಾ ಬಂದು ಆ ಶಾಲೆಗಳೆಲ್ಲ ಸಭೆಗಳನ್ನು ಜೂಮ್‌ಗೆ ಹಾಕಿದಾಗ ಹೊಸದಾಗಿ ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದ ನನಗೆ ಈ ಗೀಳು ಹತ್ತಿದ್ದು. ಕೊರೊನಾ ಹೋದ ಮೇಲೆ ಕೆಲವು ಸಭೆಗಳು ಮತ್ತೆ ಬಾಗಿಲೊಳಗೆ ಸೇರಿಕೊಂಡವು. ಆದರೂ ನಮಗೆ ಸಾಲುವಷ್ಟು ಹೊರಗೆ ಉಳಿದಿವೆ.

ಯಾವ ಶಾಲೆಗಳು ಅಂತ ಕೇಳುವವರಿಗೆ: ಜಿನೀವಾದ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1927ರಲ್ಲಿ, ವಿಶ್ವಸಂಸ್ಥೆಗೆ ಮೊದಲಿದ್ದ ರಾಷ್ಟ್ರಸಂಘದ ಕಚೇರಿ ಅಲ್ಲಿ ಇದ್ದ ಕಾಲ. ಬೋಸ್ಟನ್ ಹತ್ತಿರದ ಟಫ್ಟ್ಸ್ ವಿಶ್ವವಿದ್ಯಾಲಯದ ಫ್ಲೆಚರ್ ಶಾಲೆ 1933ರದು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸೈಸ್ ವಾಷಿಂಗ್ಟನ್ನಿನಲ್ಲಿ 1943ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ ಹುಟ್ಟಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸೀಪಾ ಯುದ್ಧ ಮುಗಿದ ಮರುವರ್ಷ, 1946ರಲ್ಲಿ. ನಮ್ಮ ದಿಲ್ಲಿಯಲ್ಲಿ 1955ರಲ್ಲಿ ತೆರೆದ ಅಂತಾರಾಷ್ಟ್ರೀಯ ಅಧ್ಯಯನ ಶಾಲೆ 1970ರಲ್ಲಿ ಜೆಎನ್‌ಯು ಸೇರಿತು. ಸಿಂಗಪುರದಲ್ಲಿ ರಾಜರತ್ನಂ ಶಾಲೆ ಇದೆ. ಹುಟ್ಟಿದ ವರ್ಷಗಳನ್ನು ಸಾಲಾಗಿ ಬರೆದು ನೋಡಿದರೆ ಹಳೆಯವುಗಳ ಹಿಂದೆಮುಂದೆ ಒಂದಲ್ಲ ಒಂದು ಯುದ್ಧದ ವಾಸನೆ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದಿದ್ದರೆ ಮಕ್ಕಳು ತೂಕಡಿಸುತ್ತಿರಲಿಲ್ಲವೇನೋ. ಬುದ್ಧಿ ಬಂದದ್ದು ನಿವೃತ್ತಿಯಾದ ಮೇಲೆ.

ಹಾಳೆಯಲ್ಲಿ ಐದು ಕಾಲಂ. ದಿನ, ನಮ್ಮ ಗಂಟೆ, ಯಾರು, ವಿಷಯ, ಯಾಕೆ ಕೇಳಬೇಕು. ಮೊದಲ ವರ್ಷ ನಾಲ್ಕೇ ಇದ್ದವು. ಆ ವರ್ಷ ಯಾರೂ ಬರಲಿಲ್ಲ. ‘ಕೆಂಪು ಸಮುದ್ರದ ಭದ್ರತೆ’ ಅಂತ ಬರೆದರೆ ಅಮ್ಮತ್ತಿಯವರು ಯಾಕೆ ಬರಬೇಕು? 2023ರ ನವೆಂಬರಿನಿಂದ ಯೆಮೆನ್ನಿನ ಹೂತಿ ಬಂಡುಕೋರರು ಅಲ್ಲಿ ಹಡಗುಗಳ ಮೇಲೆ ದಾಳಿ ಶುರುಮಾಡಿದರಲ್ಲ, ಮುಂದಿನ ಜನವರಿಯಲ್ಲಿ ಅದೇ ವಿಷಯದ ಸಭೆಯೊಂದರ ಎದುರು ಐದನೇ ಕಾಲಮಿನಲ್ಲಿ ಹೀಗೆ ಬರೆದೆ: ‘ನಮ್ಮ ಕಾಫಿ ಇಟಲಿಗೆ ಹೋಗುವ ದಾರಿ ಇದೇ.’ ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವುದು ಇಟಲಿ. ಮಂಗಳೂರು, ಕೊಚ್ಚಿಯಿಂದ ಹೊರಟ ಕಂಟೇನರು ಸುಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗಬೇಕಾದರೆ ದಿನವೂ ಹೆಚ್ಚು, ಬಾಡಿಗೆಯೂ ಹೆಚ್ಚು. ಆ ಭಾನುವಾರ ಅರಿವು ಕೇಂದ್ರದಲ್ಲಿ ಕುರ್ಚಿ ಸಾಲದೆ ಕೆಲವರು ಕಿಟಕಿಯ ಕಟ್ಟೆ ಮೇಲೆ ಕೂತರು. ಕೊಯ್ಲಿನ ನಡುವೆ, ಅದೂ ರೋಬಸ್ಟಾ ಹಣ್ಣು ಕೆಂಪಗೆ ತೂಗುತ್ತಿರುವಾಗ.

ಆ ಒಂದು ಸಾಲು ಬರೆಯಲು ಕೆಲವೊಮ್ಮೆ ನನಗೆ ಎರಡು ದಿನ ಹಿಡಿಯುತ್ತದೆ. ಬೆಲಾರೂಸ್ ಮೇಲಿನ ನಿರ್ಬಂಧಗಳ ಉಪನ್ಯಾಸಕ್ಕೆ ‘ಪೊಟ್ಯಾಶ್ ರೇಟು’ ಅಂತ ಎರಡೇ ಪದ ಸಾಕಾಯಿತು. ತೋಟಕ್ಕೆ ಹಾಕುವ ಪೊಟ್ಯಾಶ್ ಬೆಲಾರೂಸ್‌ನಂಥ ಹೊರದೇಶಗಳಿಂದ ಬರುತ್ತದೆ ಎಂದು ಗೊಬ್ಬರದಂಗಡಿಯ ಬಾಕಿ ಇರುವವರಿಗೆಲ್ಲ ಗೊತ್ತು. ಏನೂ ಹೊಳೆಯದಿದ್ದರೆ ಆ ಸಭೆಯನ್ನೇ ಹಾಳೆಯಿಂದ ತೆಗೆದುಬಿಡುತ್ತೇನೆ. ನನಗೆ ಎಷ್ಟೇ ಇಷ್ಟವಿರಲಿ, ತೆಗೆಯುತ್ತೇನೆ. ನನಗೊಬ್ಬಳಿಗೆ ಕೇಳಲು ಹಾಳೆ ಯಾಕೆ ಬೇಕು?

ಇನ್ನು ಪ್ರಕಟಣೆ ಓದುವ ವಿದ್ಯೆ. ಮದುವೆ ಕಾಗದ ಓದಿದ ಹಾಗೆ ಓದಬೇಕು. ಮೇಲೆ ದೊಡ್ಡ ಅಕ್ಷರದಲ್ಲಿ ಏನಿದೆ ಎನ್ನುವುದಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಎನ್ನುವುದು ಮುಖ್ಯ. ವಿಷಯದ ಹೆಸರು ನೋಡಿ ಆರಿಸಿದರೆ ಮೋಸ ಹೋಗುತ್ತೀರಿ. ‘ಬದಲಾಗುತ್ತಿರುವ ಜಗತ್ತಿನಲ್ಲಿ’ ಎಂದು ಶುರುವಾಗುವ ಶೀರ್ಷಿಕೆಯ ಒಂದು ಸಭೆಯೂ ಇದುವರೆಗೆ ನನಗೆ ಹೊಸದನ್ನು ಹೇಳಿಲ್ಲ. ಐದು ಜನರ ಗೋಷ್ಠಿಗೆ ಒಂದು ಗಂಟೆ ಎಂದಿದ್ದರೆ ಪರಿಚಯಕ್ಕೇ ಹತ್ತು ನಿಮಿಷ, ಒಬ್ಬೊಬ್ಬರಿಗೆ ಎಂಟು ನಿಮಿಷ, ಪ್ರಶ್ನೆಗೆ ಉಳಿಯುವುದು ಚೂರು, ಅದನ್ನು ಬಿಡುತ್ತೇನೆ. ಹಾಲಿ ಮಂತ್ರಿ, ಹಾಲಿ ರಾಯಭಾರಿ ಬಂದರೆ ಬರೆದು ತಂದದ್ದನ್ನು ಓದುತ್ತಾರೆ, ಅದು ಮರುದಿನ ಪತ್ರಿಕೆಯಲ್ಲೇ ಸಿಗುತ್ತದೆ. ನಿವೃತ್ತ ರಾಯಭಾರಿ ಆದರೆ ಕಥೆ ಬೇರೆ, ಬಾಯಿ ಬಿಡುತ್ತಾರೆ. ಪುಸ್ತಕ ಬಿಡುಗಡೆಯಲ್ಲಿ ನೋಡಬೇಕಾದದ್ದು ಬರೆದವರ ಹೆಸರಲ್ಲ, ಎದುರು ಕೂತು ಚರ್ಚಿಸುವವರ ಹೆಸರು. ಅವರು ಹಿಂದೆ ಬರೆದದ್ದನ್ನು ಐದು ನಿಮಿಷ ಹುಡುಕಿ. ಲೇಖಕರೊಂದಿಗೆ ಜಗಳವಾಡಬಲ್ಲವರಾದರೆ ಬರೆದಿಟ್ಟುಕೊಳ್ಳಿ, ಹೊಗಳುವವರಾದರೆ ಬಿಡಿ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯವು, ಯಾರೂ ಹೆಸರು ಕೇಳಿರದ ಸಂಶೋಧನಾ ವಿದ್ಯಾರ್ಥಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೊಡುವ ಉಪನ್ಯಾಸಗಳು. ಎರಡು ವರ್ಷ ಎಲ್ಲೋ ಬಂದರಿನಲ್ಲೋ ಗಡಿಯಲ್ಲೋ ಕೂತು ಕಂಡದ್ದನ್ನು ಹೇಳುತ್ತಾರೆ. ಕೇಳುವವರು ಕಡಿಮೆ ಇರುವುದರಿಂದ ನಮ್ಮ ಪ್ರಶ್ನೆಗೂ ಸರದಿ ಬರುತ್ತದೆ. ಇನ್ನೊಂದು, ‘ಸಹಯೋಗ’ ಎಂಬಲ್ಲಿ ಯಾರಿದ್ದಾರೆ ಎಂದು ನೋಡುವುದನ್ನು ಮರೆಯಬಾರದು. ಒಂದು ದೇಶದ ಸರ್ಕಾರವೋ ಒಂದು ಕಂಪನಿಯ ಪ್ರತಿಷ್ಠಾನವೋ ಸಹಯೋಗಿಯಾಗಿದ್ದರೆ ಕೇಳಬಾರದು ಅಂತಲ್ಲ, ಅದನ್ನು ತಲೆಯಲ್ಲಿಟ್ಟುಕೊಂಡು ಕೇಳಬೇಕು. ಹೊಂಡದ ನೀರು ಎಲ್ಲಿಂದ ಹರಿದು ಬರುತ್ತದೆ ಎಂದು ನೋಡದೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರುಂಟೇ?

ಗಡಿಯಾರದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಹೊಸಬರು ಎಡವುವುದು ಅಲ್ಲೇ. ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ. ಅವರು ಗಡಿಯಾರ ತಿರುಗಿಸುವುದು ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಯುರೋಪಿನವರದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಜಿನೀವಾಕ್ಕೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ. ಇವರು ತಿರುಗಿಸಿ ಅವರು ತಿರುಗಿಸದೆ ಇರುವ ನಡುವಿನ ವಾರಗಳು ಶುದ್ಧ ಗೋಜಲು. ಆ ವಾರಗಳ ಸಾಲುಗಳನ್ನು ಈಗ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಸಿಂಗಪುರದವರು ಪುಣ್ಯಾತ್ಮರು, ಗಡಿಯಾರ ಮುಟ್ಟುವುದಿಲ್ಲ. ವರ್ಷಪೂರ್ತಿ ನಮಗಿಂತ ಎರಡೂವರೆ ಗಂಟೆ ಮುಂದೆ. ನಮ್ಮ ಬದುಕಿಗೆ ಹೇಳಿ ಮಾಡಿಸಿದ ಹಾಗಿರುವುದು ಜಿನೀವಾದ ಊಟದ ಹೊತ್ತಿನ ಸಭೆಗಳು. ಅಲ್ಲಿ ಹನ್ನೆರಡೂವರೆ ಎಂದರೆ ಇಲ್ಲಿ ನಾಲ್ಕು ಅಥವಾ ಐದು ಗಂಟೆ, ಕಾಫಿ ಹೊತ್ತು.

ರಾತ್ರಿ ಹತ್ತರ ಸಭೆಗೆ ಜನ ಸೇರಿಸುವುದನ್ನು ಆ ನವೆಂಬರಿನ ನಂತರ ಬಿಟ್ಟೆ. ಗಡಿಯಾರದ ತಪ್ಪು ಒಂದು ನೆಪ. ನಿಜವಾದ ಕಾರಣ ಆನೆ. ಅಮ್ಮತ್ತಿ, ಸಿದ್ದಾಪುರ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆದು ಬನ್ನಿ ಎಂದು ಕರೆಯುವ ಹಕ್ಕು ನನಗಿಲ್ಲ. ಅಣ್ಣ ಟಾರ್ಚು ಹಿಡಿದು ಹೋದ ರಾತ್ರಿ ಅವರು ಮನೆ ಮುಟ್ಟಿ ಫೋನು ಮಾಡುವ ತನಕ ನಾನು ವರಾಂಡದಲ್ಲೇ ನಿಂತಿದ್ದೆ. ಈಗಿನ ಪದ್ಧತಿ ಹೀಗೆ: ರಾತ್ರಿ ಸಭೆಗೆ ಇಬ್ಬರು ಮಾತ್ರ ತಂತಮ್ಮ ಮನೆಯಿಂದ ಸೇರುತ್ತೇವೆ, ಟಿಪ್ಪಣಿ ಮಾಡುತ್ತೇವೆ, ಊರಿನವರು ಮೊದಲೇ ಕೊಟ್ಟ ಪ್ರಶ್ನೆ ಹಾಕುತ್ತೇವೆ. ಸಭೆಯ ವಿಡಿಯೊ ಯೂಟ್ಯೂಬಿಗೆ ಬಂದ ಮೇಲೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಅರಿವು ಕೇಂದ್ರದ ಟಿವಿಯಲ್ಲಿ ಎಲ್ಲರೂ ಸೇರಿ ನೋಡುತ್ತೇವೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇನೆ. ಒಂದು ಗಂಟೆಯದು ಎರಡೂವರೆ ಗಂಟೆಯಾಗುತ್ತದೆ. ನೇರ ಪ್ರಸಾರಕ್ಕಿಂತ ಇದೇ ವಾಸಿ, ಭಾಷಣಕಾರರನ್ನು ಮಧ್ಯದಲ್ಲಿ ಬಾಯಿ ಮುಚ್ಚಿಸುವ ಸುಖ ಬೇರೆಲ್ಲಿದೆ!

ನೋಂದಣಿಯ ಫಾರಂ ಒಂದು ಸಣ್ಣ ಪ್ರಹಸನ. ಒಂದು ಶಾಲೆಯ ಫಾರಂ ಪಿನ್‌ಕೋಡ್ ಇಲ್ಲದೆ ಮುಂದಕ್ಕೆ ಬಿಡುವುದಿಲ್ಲ, ಆದರೆ ಐದೇ ಅಂಕೆ ತೆಗೆದುಕೊಳ್ಳುತ್ತದೆ. ವಿರಾಜಪೇಟೆಯದು 571218, ಆರು. ಕೊನೆಯ ಎಂಟು ಒಳಗೆ ಹೋಗುವುದೇ ಇಲ್ಲ. ನನ್ನ ಹಳೆಯ ವಿದ್ಯಾರ್ಥಿನಿ, “ಮ್ಯಾಮ್, ಇದ್ದಷ್ಟು ಹಾಕಿ ಒತ್ತಿಬಿಡಿ” ಅಂದಳು. ಒತ್ತಿದೆ, ಒಪ್ಪಿಕೊಂಡಿತು. 57 ಅಂದರೆ ಅಮೆರಿಕದಲ್ಲಿ ಸೌತ್ ಡಕೋಟಾ ರಾಜ್ಯದ ಪಿನ್‌ಗಳಂತೆ. ಆ ಶಾಲೆಯ ಲೆಕ್ಕದಲ್ಲಿ ಅಮ್ಮತ್ತಿಯ ನಾವೆಲ್ಲ ಸೌತ್ ಡಕೋಟಾದವರು. ‘ನಿಮ್ಮ ಸಂಸ್ಥೆ’ ಎಂಬ ಖಾನೆಗೆ ಮೊದಮೊದಲು ಹಳೆಯ ಕಾಲೇಜಿನ ಹೆಸರು ಬರೆಯುತ್ತಿದ್ದೆ, ಸಂಕೋಚಕ್ಕೆ. ಅಣ್ಣ ‘ಕಾಫಿ ಬೆಳೆಗಾರ’ ಎಂದು ಬರೆಸಿದರು. ಯಾರೂ ತಡೆಯಲಿಲ್ಲ. ಈಗ ನಾನೂ ಹಾಗೇ ಬರೆಯುತ್ತೇನೆ, ಮೂರು ಎಕರೆ ನನ್ನದೂ ಇದೆಯಲ್ಲ. ‘ಸಾರ್ವಜನಿಕರಿಗೆ ಮುಕ್ತ’ ಎಂದಷ್ಟೇ ಇದ್ದು ‘ಗುರುತಿನ ಚೀಟಿ ತನ್ನಿ’ ಎಂದೂ ಇದ್ದರೆ ಅದು ಅಲ್ಲಿಗೇ ಹೋಗಿ ಕೂರುವ ಸಭೆ, ನಮ್ಮದಲ್ಲ. ‘ನಂತರ ಲಘು ಉಪಾಹಾರ’ ಇದ್ದರೂ ಅಷ್ಟೇ. ಲಿಂಕು ಸಾಮಾನ್ಯವಾಗಿ ಇಮೇಲಿಗೆ ಬರುತ್ತದೆ, ಎಷ್ಟೋ ಸಲ ಸ್ಪ್ಯಾಮಿನಲ್ಲಿ ಬಿದ್ದಿರುತ್ತದೆ.

ಒಮ್ಮೆ ಹುಡುಗರು ಸಭೆಯ ಪರದೆಯ ಚಿತ್ರ ತೆಗೆದು ವಾಟ್ಸಾಪಿಗೆ ಹಾಕಿದಾಗ ಚಾಥಂ ಹೌಸ್ ನಿಯಮದ ಬಗ್ಗೆ ಹೇಳಬೇಕಾಯಿತು. ಅಂತಾರಾಷ್ಟ್ರೀಯ ವ್ಯವಹಾರ ಚರ್ಚಿಸುವ ಲಂಡನ್ನಿನ ಸಂಸ್ಥೆ ಚಾಥಂ ಹೌಸ್ 1927ರಲ್ಲಿ ಮಾಡಿಕೊಂಡ ನಿಯಮ ಅದು. ಅಲ್ಲಿ ಕೇಳಿದ ಮಾಹಿತಿಯನ್ನು ಬಳಸಬಹುದು, ಹೇಳಿದವರು ಯಾರು, ಎಲ್ಲಿಯವರು ಎಂದು ಹೊರಗೆ ಬಿಡಬಾರದು. ಪ್ರಕಟಣೆಯಲ್ಲಿ ಆ ನಿಯಮದ ಹೆಸರಿದ್ದರೆ ಚಿತ್ರ ತೆಗೆಯುವುದು, ಮುದ್ರಿಸಿಕೊಳ್ಳುವುದು ಎರಡೂ ಬೇಡ. ಇಲ್ಲದಿದ್ದರೆ, ಹಾಗೂ ಅವರೇ ಮುದ್ರಿಸುತ್ತಿದ್ದರೆ, ಚಿಂತೆಯಿಲ್ಲ. “ಓ, ಐನ್‌ಮನೆಯೊಳಗೆ ಆಡಿದ ಮಾತಿನ ಹಾಗೆ” ಅಂದ ಒಬ್ಬ ಹುಡುಗ. ಐನ್‌ಮನೆ ಎಂದರೆ ಕೊಡವ ಕುಟುಂಬದ ಮೂಲಮನೆ. ಅದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ.

ಪದಗಳದ್ದೇ ನನಗೆ ಹೆಚ್ಚು ಕಾಟ. ನಿರ್ಬಂಧ, ಒಪ್ಪಂದ, ಬಹುಪಕ್ಷೀಯ ಎಂದರೆ ಪತ್ರಿಕೆ ಓದುವವರಿಗೆ ತಿಳಿಯುತ್ತದೆ. ‘ಡಿಟರೆನ್ಸ್’ಗೆ ಏನು ಹೇಳುವುದು? ಪಠ್ಯಪುಸ್ತಕದ ‘ಪ್ರತಿರೋಧಕತೆ’ ಹೇಳಿ ನೋಡಿದೆ, ಎಲ್ಲರ ಮುಖ ಖಾಲಿ. ಅಣುಬಾಂಬು ಇಟ್ಟುಕೊಂಡು ಹಾಕದೇ ಹೆದರಿಸುವುದು ಎಂದು ಬಿಡಿಸಿ ಹೇಳುತ್ತಿದ್ದಾಗ ಹಿಂದಿನಿಂದ ಒಬ್ಬರು, ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು, “ಸೋಲಾರ್ ಬೇಲಿ ಅಲ್ವಾ?” ಅಂದರು. ಹೌದಲ್ಲ! ಸೋಲಾರ್ ತಂತಿ ಆನೆಯನ್ನು ಕೊಲ್ಲುವುದಿಲ್ಲ. ಮುಟ್ಟಿದರೆ ಹೊಡೆಯುತ್ತದೆ ಎಂದು ಆನೆಗೆ ಗೊತ್ತಿರುವ ತನಕ ಮಾತ್ರ ಅದು ಬೇಲಿ. ಬ್ಯಾಟರಿ ಸತ್ತರೆ ಆನೆಗೆ ಹೇಗೋ ತಿಳಿಯುತ್ತದೆ. ತಂತಿಯಲ್ಲಿ ಕರೆಂಟು ಇರುವಾಗಲೂ ಮರ ಕೆಡವಿ ಬೇಲಿ ಮೇಲೆ ಬೀಳಿಸಿ ದಾಟಿದ್ದನ್ನು ಅವರೇ ನೋಡಿದ್ದಾರೆ. ಅಲ್ಲಿಂದ ಮುಂದೆ ಅರ್ಧ ಗಂಟೆ ಆ ಪ್ರೊಫೆಸರರ ಉಪನ್ಯಾಸ ನಿಂತೇಹೋಯಿತು. ಬೇಲಿ ಇದೆ ಎಂದು ಆನೆಗೆ ತಿಳಿಸುವುದು ಹೇಗೆ, ಒಂದು ತೋಟಕ್ಕೆ ಬೇಲಿ ಹಾಕಿದರೆ ಆನೆ ಪಕ್ಕದ ತೋಟಕ್ಕೆ ನುಗ್ಗುತ್ತದಲ್ಲ ಅದಕ್ಕೆ ಯಾರು ಹೊಣೆ ಎಂಬ ಚರ್ಚೆ. ಮತ್ತೆ ವಿಡಿಯೊ ಹಾಕಿದಾಗ ಪ್ರೊಫೆಸರರು ಹೇಳುತ್ತಿದ್ದುದು ಹೆಚ್ಚು ಕಡಿಮೆ ಅದನ್ನೇ, ಆನೆ ಇಲ್ಲದೆ.

ಹೊಸ ಊರಿನಲ್ಲಿ ಇಂಥದ್ದನ್ನು ಶುರುಮಾಡುವವರಿಗೆ ನಾನು ಹೇಳುವುದು, ಮೊದಲ ಸಭೆಗೆ ನಿಮ್ಮ ಊರಿನ ಬಾಗಿಲಿನಿಂದಲೇ ಹೋಗಿ ಎಂದು. ನಮಗೆ ಅದು ಸುಲಭ. ಜನರಲ್ ತಿಮ್ಮಯ್ಯ ಎಂದರೆ ಇಲ್ಲಿ ಮಕ್ಕಳಿಗೂ ಗೊತ್ತು, ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯ. ಆದರೆ ಕೊರಿಯಾ ಯುದ್ಧ ನಿಂತ ಮೇಲೆ, ಸ್ವದೇಶಕ್ಕೆ ಮರಳಲೊಲ್ಲೆವು ಎಂದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಗತಿ ನಿರ್ಧರಿಸಲು ಐದು ದೇಶಗಳ ಆಯೋಗ ರಚಿಸಿದಾಗ ಅದರ ಅಧ್ಯಕ್ಷತೆ ಭಾರತದ್ದು, ಆ ಕುರ್ಚಿಯಲ್ಲಿ ಕೂತವರು ತಿಮ್ಮಯ್ಯ ಎಂದಾಗ ನಮ್ಮ ಸಭೆಯಲ್ಲಿ ಹಲವರು ಮೊದಲ ಸಲ ಕೇಳಿದರು. ಕೊನೆಗೆ ಅವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ದೇಶ ಮರುವರ್ಷ ಅವರ ಅಂಚೆಚೀಟಿ ತಂದಿತು. ಶಾಂತಿಪಾಲನೆ ಕುರಿತ ಯಾವ ಉಪನ್ಯಾಸ ಬಂದರೂ ನನ್ನ ಐದನೇ ಕಾಲಂ ತಾನಾಗಿ ತುಂಬುತ್ತದೆ.

ಹೆಣ್ಣುಮಕ್ಕಳನ್ನು ಕರೆತಂದದ್ದು ಮಾತ್ರ ಸಿ. ಬಿ. ಮುತ್ತಮ್ಮ. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದವರು. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆಯಾಗಬೇಕಾದರೆ ಸರ್ಕಾರದ ಅನುಮತಿ ಬೇಕು, ಆದ ಮೇಲೆ ಸಂಸಾರದಿಂದ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೊಡಬೇಕು ಎಂಬ ನಿಯಮ ಹೆಂಗಸರಿಗೆ ಮಾತ್ರ ಇತ್ತು. ಬಡ್ತಿ ತಪ್ಪಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಅಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಾಗಿತ್ತು. ಹಂಗರಿ, ಘಾನಾ, ನೆದರ್ಲೆಂಡ್ಸ್ ಮೂರು ಕಡೆ ರಾಯಭಾರಿಯಾಗಿದ್ದವರು. ರಾಜತಂತ್ರದಲ್ಲಿ ಮಹಿಳೆಯರು ಎಂಬ ಒಂದು ಸಭೆಯ ಎದುರು ‘ನಮ್ಮ ಮುತ್ತಮ್ಮ ಕೋರ್ಟಿಗೆ ಹೋದದ್ದು ಯಾಕೆ?’ ಎಂದು ಬರೆದದ್ದಕ್ಕೆ ಸ್ವಸಹಾಯ ಸಂಘದವರು ಹದಿನಾಲ್ಕು ಜನ ಬಂದರು. ವಿಡಿಯೊ ನೋಡಿದ್ದು ಇಪ್ಪತ್ತು ನಿಮಿಷ, ಉಳಿದದ್ದೆಲ್ಲ ಮುತ್ತಮ್ಮನವರ ಮಾತು, ಮತ್ತೆ ಕೆಲಸಕ್ಕೆ ಹೋಗುವ ಸೊಸೆಯರ ಮಾತು.

ಈಗ ಪ್ರಶ್ನೆ ಕೇಳುವ ಕಥೆ. 2024ರ ಫೆಬ್ರವರಿ. ಯುರೋಪಿನ ಒಂದು ಶಾಲೆಯಲ್ಲಿ ಅರಣ್ಯನಾಶ ತಡೆಯುವ ಹೊಸ ಯುರೋಪಿಯನ್ ಕಾನೂನಿನ ಬಗ್ಗೆ ಸಭೆ, ಅಲ್ಲಿ ಹನ್ನೆರಡೂಕಾಲು, ನಮಗೆ ನಾಲ್ಕೂಮುಕ್ಕಾಲು. ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಮರ, ದನ ಈ ಏಳರ ವ್ಯಾಪಾರಕ್ಕೆ ಅನ್ವಯಿಸುವ, 2023ರ ಜೂನ್ 29ರಂದು ಜಾರಿಗೆ ಬಂದ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ಕೊಡಬೇಕು, ಚಿಕ್ಕದಾದರೆ ಒಂದು ಬಿಂದು ಸಾಕು. ಜೊತೆಗೆ ಆ ಬೆಳೆ ನಮ್ಮ ದೇಶದ ಕಾನೂನಿನ ಪ್ರಕಾರವೇ ಬೆಳೆದದ್ದು, ಜಮೀನಿನ ಹಕ್ಕು ಸರಿಯಿದೆ ಎಂದು ತೋರಿಸಬೇಕು.

ಅಣ್ಣನ ಪ್ರಶ್ನೆಯನ್ನು ಅವರು ಹೇಳಿದ ಹಾಗೇ ಬರೆದುಕೊಂಡೆ: “ಇದು ಜಮ್ಮಾ ಜಾಗ. ಪಹಣಿಯಲ್ಲಿ ಇನ್ನೂ ತಾತನ ಅಣ್ಣನ ಹೆಸರುಂಟು, ಅವರು ತೀರಿಹೋಗಿ ನಲವತ್ತು ವರ್ಷ. ಪಾಲುದಾರರು ಹನ್ನೊಂದು ಜನ, ಇಬ್ಬರು ಬೆಂಗಳೂರು, ಒಬ್ಬ ಕೆನಡಾ. ನಾನಂತೂ ಮರ ಕಡಿದಿಲ್ಲ, ಕಾಫಿ ಇರೋದೇ ಮರದ ನೆರಳಲ್ಲಿ. ಮೇಲಿಂದ ನೋಡಿದರೆ ಕಾಡು ಅಂತ ಕಾಣ್ತದಂತೆ. ಈಗ ಯಾರ ಹೆಸರು ಕೊಡೋದು, ಕಾಡಲ್ಲ ಅಂತ ಯಾರಿಗೆ ಹೇಳೋದು?”

ಜಮ್ಮಾ ಎಂದರೆ ಕೊಡಗಿನಲ್ಲಿ ಕುಟುಂಬಕ್ಕೆ ತಲೆತಲಾಂತರದಿಂದ ಬಂದ ಜಂಟಿ ಜಮೀನು. ಅಣ್ಣನ ಮಾತಿನಲ್ಲಿ ಎರಡು ಪ್ರಶ್ನೆ ಇವೆ. ಎರಡನ್ನೂ ಕೇಳಿದರೆ ಒಂದಕ್ಕೂ ಉತ್ತರ ಬರುವುದಿಲ್ಲ. ಮೂರು ಸಂಜೆ ಕೂತು ಕಾನೂನಿನ ಪಠ್ಯವನ್ನೇ ಓದಿದೆವು. ಅರ್ಧ ಹೆಕ್ಟೇರಿಗಿಂತ ಹೆಚ್ಚಿನ ಜಾಗ, ಐದು ಮೀಟರಿಗಿಂತ ಎತ್ತರದ ಮರ, ಶೇಕಡಾ 10ಕ್ಕಿಂತ ಹೆಚ್ಚು ನೆರಳು ಇದ್ದರೆ ಅದು ಕಾಡು. ಆದರೆ ಮುಖ್ಯವಾಗಿ ಕೃಷಿಗೆ ಬಳಸುವ ಜಾಗ ಕಾಡಲ್ಲ, ಮರಗಳ ನಡುವೆ ಬೆಳೆ ತೆಗೆಯುವ ಪದ್ಧತಿಯೂ ಕಾಡಲ್ಲ ಎಂದು ಅಲ್ಲೇ ಬರೆದಿದೆ. ಅಂದರೆ ಎರಡನೇ ಪ್ರಶ್ನೆಗೆ ಕಾಗದದ ಮೇಲಾದರೂ ಉತ್ತರವಿದೆ. ಪುಸ್ತಕದಲ್ಲಿ ಇರುವುದನ್ನು ಕೇಳಿ ಸರದಿ ಹಾಳುಮಾಡಬಾರದು. ಉಳಿದದ್ದು ಹೀಗಾಯಿತು: ‘ಭಾರತದ ಕೊಡಗಿನಲ್ಲಿ ಕಾಫಿ ಜಮೀನು ಅನೇಕ ಕಡೆ ಕುಟುಂಬದ ಜಂಟಿ ಹಕ್ಕಿನದು, ದಾಖಲೆಯಲ್ಲಿ ತೀರಿಹೋದ ಹಿರಿಯರ ಹೆಸರಿದೆ. ಜಮೀನಿನ ಹಕ್ಕು ಸರಿಯಿದೆ ಎನ್ನಲು ನಿಮ್ಮ ಆಮದುದಾರ ಯಾವ ದಾಖಲೆ ಒಪ್ಪುತ್ತಾನೆ?’ ಇದನ್ನು ಇಂಗ್ಲಿಷಿಗೆ ತಿರುಗಿಸಿ, ಸಭೆ ಶುರುವಾದ ಐದನೇ ನಿಮಿಷಕ್ಕೇ ಪ್ರಶ್ನೆಗಳ ಪೆಟ್ಟಿಗೆಗೆ ಹಾಕಿದೆ. ಕೊನೆಯಲ್ಲಿ ಹಾಕಿದರೆ ಎಪ್ಪತ್ತನೆಯದಾಗಿ ಬಿದ್ದಿರುತ್ತದೆ.

ನಲವತ್ತನೇ ನಿಮಿಷಕ್ಕೆ ನಿರ್ವಾಹಕಿ “ಕೊಡಾಗೂ, ಇಂಡಿಯಾದಿಂದ ಒಂದು ಪ್ರಶ್ನೆ” ಎಂದು ಓದಿದರು. ಅಣ್ಣ ಕಣದಲ್ಲಿ ಕಾಫಿ ರಾಶಿಗೆ ಟಾರ್ಪಾಲು ಮುಚ್ಚಿಸುತ್ತಿದ್ದವರು ನನ್ನ ಫೋನಿಗೆ ಓಡಿ ಬಂದು ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಭಾಷಣಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದು ಒಳ್ಳೆಯ ಲಕ್ಷಣ. ಆಮೇಲೆ, ಆಯಾ ದೇಶದ ಕಾನೂನು ಏನು ಹೇಳುತ್ತದೋ ಅದೇ ಆಧಾರ, ಆದರೆ ಜಂಟಿ ಕುಟುಂಬದ ದಾಖಲೆಗಳ ಬಗ್ಗೆ ತಾನು ಯೋಚಿಸಿರಲಿಲ್ಲ, ಕಂಪನಿಗಳೂ ಯೋಚಿಸಿರಲಾರವು ಎಂದರು. ಅಣ್ಣನಿಗೆ ಕನ್ನಡದಲ್ಲಿ ಹೇಳಿದೆ. “ಹಾಗಾದರೆ ಅವರಿಗೂ ಗೊತ್ತಿಲ್ಲ” ಅಂದರು. ಮುಖದಲ್ಲಿ ಬೇಸರವಿರಲಿಲ್ಲ, ಸ್ವಲ್ಪ ಸಮಾಧಾನವೇ ಇತ್ತು. ಆ ಕಾನೂನಿನ ಗಡುವು ಆಮೇಲೆ ಒಂದು ವರ್ಷ ಮುಂದಕ್ಕೆ ಹೋಯಿತು, ಮತ್ತೊಂದು ವರ್ಷವೂ ಹೋಯಿತು. ಪಹಣಿಯಲ್ಲಿ ತಾತನ ಅಣ್ಣನ ಹೆಸರು ಹಾಗೇ ಇದೆ.

ಎಲ್ಲ ಸಲವೂ ಹೀಗೆ ನಡೆಯುವುದಿಲ್ಲ. ಕಳಿಸಿದ ಹತ್ತು ಪ್ರಶ್ನೆಗಳಲ್ಲಿ ಓದಿಸಿಕೊಂಡದ್ದು ಎರಡೋ ಮೂರೋ. ಇನ್ನು ಕೆಲವು ಸಲ ಉತ್ತರ ನಮ್ಮ ಕಿಟಕಿಯ ಕಟ್ಟೆಯಲ್ಲೇ ಕೂತಿರುತ್ತದೆ. ಸರಕು ಒಪ್ಪಂದಗಳ ಇತಿಹಾಸದ ಉಪನ್ಯಾಸದಲ್ಲಿ, ಯಾವ ದೇಶ ಎಷ್ಟು ರಫ್ತು ಮಾಡಬಹುದು ಎಂಬ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ 1989ರ ಜುಲೈ 4ರಂದು ಮುರಿದುಬಿತ್ತು ಎಂಬಲ್ಲಿಗೆ ಬಂದಾಗ ಎಂಬತ್ತು ದಾಟಿದ ಹಿರಿಯರೊಬ್ಬರು “ನಿಲ್ಲಿಸಿ” ಅಂದರು. ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಕಾಫಿ ಹಾಕಿ ಕಂತು ಕಂತಾಗಿ ಹಣಕ್ಕೆ ಕಾಯುತ್ತಿದ್ದ ಕಾಲ, ಕೋಟಾ ಹೋಗಿ ಬೆಲೆ ಕುಸಿದ ವರ್ಷ, ತೊಂಬತ್ತರ ದಶಕದಲ್ಲಿ ಪೂಲು ಹಂತಹಂತವಾಗಿ ಹೋಗಿ ಬೆಳೆಗಾರ ತಾನೇ ಮಾರುವ ಹಾಗಾದದ್ದು, ಎಲ್ಲವನ್ನೂ ಯಾವ ವರ್ಷ ಯಾವ ಮಗಳ ಮದುವೆ ಎಂಬ ಲೆಕ್ಕದಲ್ಲಿ ಹೇಳಿದರು. ವಿಡಿಯೊ ಮತ್ತೆ ಹಾಕಲಿಲ್ಲ. ಅದನ್ನು ರೆಕಾರ್ಡ್ ಮಾಡಿಕೊಳ್ಳಲು ನನಗೆ ತೋಚಲಿಲ್ಲ, ಅದೊಂದು ಕೊರಗು ಉಳಿದಿದೆ.

ಮಳೆಗಾಲದ್ದು ಎರಡು ಮಾತು. ಆ ಶಾಲೆಗಳ ವರ್ಷ ಸೆಪ್ಟೆಂಬರಿನಲ್ಲಿ ಶುರು. ಹಾಳೆ ಭರ್ತಿಯಾಗುವುದು ನಮ್ಮ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ. ಪುತ್ತರಿ ಹಬ್ಬ, ಅರೇಬಿಕಾ ಕೊಯ್ಲು, ರೋಬಸ್ಟಾ ಕೊಯ್ಲು, ಕಾಫಿ ಅರಳಿಸುವ ಹೂಮಳೆ, ನಮಗೆ ಉಸಿರಾಡಲು ಪುರುಸೊತ್ತಿಲ್ಲದ ಆರು ತಿಂಗಳಲ್ಲೇ ಅವರಿಗೆ ಭಾಷಣಗಳ ಸುಗ್ಗಿ. ಮೇ ನಡುವಿನಿಂದ ಅವರಿಗೆ ರಜೆ. ನಾವು ಕೈಕಟ್ಟಿ ಜಗಲಿಯಲ್ಲಿ ಕೂತಾಗ ಅಲ್ಲಿ ಯಾರೂ ಇಲ್ಲ. ಹಾಗಾಗಿ ಬಿಟ್ಟುಹೋದವನ್ನೆಲ್ಲ ಮೇ ತಿಂಗಳಲ್ಲೇ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಕರೆಂಟು ಹೋದರೆ ಮೂರು ದಿನ, ಟವರು ಸತ್ತರೆ ನಾಲ್ಕು ದಿನ. ಅರಿವು ಕೇಂದ್ರದ ಯುಪಿಎಸ್ ಒಂದೂಕಾಲು ಗಂಟೆ ಎಳೆಯುತ್ತದೆ. ಕಳೆದ ಆಗಸ್ಟ್ 3ರಂದು, ಕಕ್ಕಡ ಹದಿನೆಂಟು, ಹಿಮಾಲಯದ ನದಿಗಳ ಕುರಿತ ಉಪನ್ಯಾಸ ಮುಕ್ಕಾಲು ಮುಗಿದಾಗ ಯುಪಿಎಸ್ ಕೂಗಿ ಸುಮ್ಮನಾಯಿತು. ಕೇಂದ್ರದ ಮೇಲ್ವಿಚಾರಕಿ ಅಕ್ಕ ಆ ದಿನದ ವಿಶೇಷವಾದ ಮದ್ದುಸೊಪ್ಪಿನ ಪಾಯಸ ತಂದಿದ್ದರು. ನೇರಳೆ ಬಣ್ಣದ ಬಾಯಿಗಳಲ್ಲಿ ಉಳಿದ ಕಾಲು ಭಾಗವನ್ನು ನಾವೇ ಮುಗಿಸಿದೆವು.

ಈ ತಿಂಗಳ ಹಾಳೆ ಅಂಟಿಸಿ ಹತ್ತು ದಿನವಾಯಿತು. ಕೊನೆಯ ಸಾಲಿನಲ್ಲಿ ಉತ್ತರ ಧ್ರುವದ ಹಿಮ ಕರಗಿ ತೆರೆಯುತ್ತಿರುವ ಹಡಗು ದಾರಿಯ ಬಗ್ಗೆ ಒಂದು ಉಪನ್ಯಾಸ. ಒಬ್ಬರೇ ಭಾಷಣಕಾರರು, ಎದುರು ಜಗಳಗಂಟ ಚರ್ಚಾಕಾರರು, ಜಿನೀವಾ ಹೊತ್ತು. ಬಿಡಲು ಮನಸ್ಸಾಗಲಿಲ್ಲ, ಐದನೇ ಕಾಲಮಿಗೂ ಏನೂ ಹೊಳೆಯಲಿಲ್ಲ. ನನ್ನ ನಿಯಮ ನಾನೇ ಮುರಿದು ಖಾಲಿ ಬಿಟ್ಟೆ. ನಿನ್ನೆ ಹೋಗಿ ನೋಡಿದರೆ ಆ ಖಾಲಿ ಚೌಕದಲ್ಲಿ ಯಾರೋ ಪೆನ್ಸಿಲಿನಲ್ಲಿ, ಸ್ವಲ್ಪ ಓರೆಯಾಗಿ, ‘ಎಲ್ಲ ಹಡಗೂ ಆ ಕಡೆ ಹೋದರೆ ಸುಯೆಜಿನ ಬಾಡಿಗೆ ಇಳೀತದಾ?’ ಎಂದು ಬರೆದಿದ್ದಾರೆ. ಯಾರ ಅಕ್ಷರ ಎಂದು ಅಕ್ಕನಿಗೂ ಗೊತ್ತಿಲ್ಲ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಇಟ್ಟಿದ್ದೇನೆ. ಸಭೆ ಬರುವ ಗುರುವಾರ, ನಮ್ಮ ಗಂಟೆ ನಾಲ್ಕು.